ಆಮ್ಲಜನಕವೆಂಬ ಹೆಸರಿನ ಚರಿತ್ರೆ

ಒಂದು ವಸ್ತುವಿಗೆ ಹೆಸರಿಡುವುದೆಂದರೆ ಅದರ ಸ್ವಭಾವವನ್ನು ಕುರಿತು ಒಂದು ತೀರ್ಪನ್ನು ಕೊಟ್ಟಂತೆಯೇ ಸರಿ. ತೀರ್ಪು ತಪ್ಪೆಂದು ಗೊತ್ತಾದ ಮೇಲೆಯೂ ಹೆಸರು ಮಾತ್ರ ಉಳಿದುಬರುವುದುಂಟು. ನಮ್ಮ ಪಾಠಶಾಲೆಗಳ ಮಕ್ಕಳು ಬಾಯಿಪಾಠ ಮಾಡುವ 'ಆಮ್ಲಜನಕ' ಎಂಬ ಮಾತು ಅಂಥವುಗಳಲ್ಲೊಂದು. ನಾವು ಉಸಿರಾಡುವ ಗಾಳಿಯ ಸುಮಾರು ಐದರಲ್ಲೊಂದು ಪಾಲಾಗಿರುವ ಪ್ರಾಣವಾಯುವಿಗೆ ಈ ಹೆಸರು. 'ಆಮ್ಲವನ್ನು ಹುಟ್ಟಿಸತಕ್ಕದ್ದು' ಎಂದು ಇದರ ಅರ್ಥ. ಆದರೆ ಆಮ್ಲವನ್ನು ಹುಟ್ಟಿಸತಕ್ಕದ್ದು ಈ ವಾಯುವಲ್ಲವೆಂಬುದು ೧೮೧೦ರಲ್ಲಿಯೇ ಸಿದ್ಧವಾಗಿ ಹೋಯಿತು. ಹಾಗಾದರೆ ಆ ಹೆಸರು ಹುಟ್ಟಿದುದೇಕೆ, ಅದನ್ನು ಸುಳ್ಳುಮಾಡಿದವರಾರು, ನಿಜವಾದ ಆಮ್ಲಜನಕ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೈಗೊಂಡರೆ ಆಮ್ಲ ಮತ್ತು ಪ್ರತ್ಯಾಮ್ಲಗಳ ಶಾಸ್ತ್ರವು ಬೆಳೆದ ಬಗೆಯೆಲ್ಲವೂ ನಮ್ಮ ಕಣ್ಣ ಮುಂದೆ ಬರುತ್ತದೆ.

ಆಮ್ಲವೂ ಕ್ಷಾರವೂ ಹೊಸ ಪದಾರ್ಥಗಳಲ್ಲ. ಹುಣಿಸೆಹಣ್ಣು, ನಿಂಬೆಹಣ್ಣು, ಹುಳಿ ಮಜ್ಜಿಗೆ ಇವು ಆಮ್ಲಗಳ ಮನೆ. ಸುಣ್ಣ, ಬೂದಿಯ ತಿಳಿನೀರು, ಅಗಸರು ಬಟ್ಟೆಗೆ ಹಾಕುತ್ತಿದ್ದ ಚೌಳು ಮಣ್ಣು ಇವು ಕ್ಷಾರಗಳ ಮನೆ. ಕಿಲುಬು ಹಿಡಿದ ತಾಮ್ರದ ಚೆಂಬನ್ನು ಹುಣಿಸೆಹಣ್ಣಿನಿಂದ ಬೆಳಗುವ ಗೃಹಿಣಿಯು ಆಮ್ಲದ ಒಂದು ಮುಖ್ಯ ಗುಣವನ್ನು ಬಲ್ಲವಳೇ ಆಗಿದ್ದಾಳೆ. ಅರಿಸಿನದ ನೀರಿಗೆ ಸುಣ್ಣವನ್ನು ಕದಡಿ ಕೆಂಪಾದ ಆರತಿಯ ನೀರನ್ನು ಮಾಡುವಾಗ, ಅವಳು ರಸಾಯನ ಶಾಸ್ತ್ರಜ್ಞನು ಪ್ರಯೋಗಶಾಲೆಯಲ್ಲಿ ಮಾಡುವ ಪರೀಕ್ಷೆಯನ್ನೇ ಮಾಡುತ್ತಾಳೆ. ಅರಿಸಿನವು ಕ್ಷಾರವನ್ನು ಕಂಡೊಡನೆ ಕೆಂಪಾಗುವುದು. ಆ ಕೆಂಪು ನೀರಿಗೆ ನಿಂಬೆರಸವನ್ನು ಸಾಕಷ್ಟು ಹಿಂಡಿದರೆ ಮತ್ತೆ ಹಳದಿಗೆ ತಿರುಗುವುದು. ಅರಿಸಿನದಲ್ಲಿ ಅದ್ದಿ ಒಣಗಿಸಿದ ಕಾಗದವನ್ನು ಪಾಶ್ಚಾತ್ಯ ರಸಾಯನಜ್ಞರೂ ಬಹುಕಾಲ ಕ್ಷಾರಪರೀಕ್ಷೆಗಾಗಿ ಬಳಸಿದರು.

ಆಮ್ಲವು ಕ್ಷಾರವನ್ನು ಅಡಗಿಸುವುದೆಂಬ ಅರಿವೂ ನಮ್ಮಲ್ಲಿ ಪ್ರಾಚೀನವಾದುದು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕವನ್ನು ಹೇಳುವ ಒಂದು ಅಧ್ಯಾಯವಿದೆ. ಗಿಡಮರಗಳನ್ನು ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿ, ಕಾಯಿಸಿ, ಅದಕ್ಕೆ ಸುಟ್ಟ ಸುಣ್ಣಕಲ್ಲನ್ನೂ ಚಿಪ್ಪು ಶಂಖಗಳನ್ನೂ ಸೇರಿಸಿ, ತೀಕ್ಷ್ಣವಾದ ಕ್ಷಾರವನ್ನು ಸಿದ್ಧಪಡಿಸಿ ಕಬ್ಬಿಣದ ಪಾತ್ರೆಯಲ್ಲಿ ಇಡಬೇಕೆಂದು ಅಲ್ಲಿ ವಿಧಿಸಿದೆ. ಮೃದು, ಮಧ್ಯಮ, ತೀಕ್ಷ್ಣ ಎಂದು ಕ್ಷಾರಗಳನ್ನು ಮೂರಾಗಿ ವಿಂಗಡಿಸಿದೆ. ಕ್ಷಾರದಿಂದ ಸುಟ್ಟ ಜಾಗಕ್ಕೆ ಹುಳಿಯಾದ ದ್ರವವನ್ನು ಹಚ್ಚಿ ಶಮನಮಾಡಬೇಕೆಂದೂ ಹೇಳಿದೆ. ತೀಕ್ಷ್ಣವಾದ ಕ್ಷಾರವನ್ನು ಹುಳಿಯಂಥ ಇನ್ನೊಂದು ತೀಕ್ಷ್ಣ ವಸ್ತುವು ಹೇಗೆ ಶಮನ ಮಾಡೀತೆಂಬ ಶಂಕೆಯನ್ನು ತಾನೇ ಎತ್ತಿ, ಎರಡೂ ಕೂಡಿದಾಗ ಕ್ಷಾರವು ತನ್ನ ತೀಕ್ಷ್ಣತೆಯನ್ನು ಬಿಟ್ಟು ಸೌಮ್ಯವಾಗುವುದೆಂದು ಸಮಾಧಾನವನ್ನೂ ಕೊಟ್ಟಿದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ೧೯೦೨ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ ಹಿಂದೂ ರಸಾಯನ ಶಾಸ್ತ್ರದ ಚರಿತ್ರೆಯಲ್ಲಿ ಈ ವಿಷಯಗಳತ್ತ ವಿದ್ವಾಂಸರ ಗಮನವನ್ನು ಸೆಳೆದರು.

ಬೂದಿನೀರಿಗೆ ಸುಣ್ಣವನ್ನು ಸೇರಿಸಿದರೆ ಅದು ತೀಕ್ಷ್ಣವಾಗುವುದೇಕೆಂಬುದಕ್ಕೆ ಕಾರಣವನ್ನು ಪ್ರಯೋಗದಿಂದ ಕಂಡು ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬವನು. ೧೭೫೬ರಲ್ಲಿ ಪ್ರಕಟವಾದ ಅವನ ಲೇಖನದಿಂದ ತಿಳಿದುಬಂದುದೇನೆಂದರೆ, ಸೌಮ್ಯವಾದ ಕ್ಷಾರದಲ್ಲಿ ಒಂದು ವಾಯು ಬಂಧಿತವಾಗಿರುತ್ತದೆ. ಸುಟ್ಟ ಸುಣ್ಣವು ಆ ವಾಯುವನ್ನು ತನ್ನೊಳಕ್ಕೆ ಎಳೆದುಕೊಂಡು ಕ್ಷಾರವನ್ನು ಬಿಡುಗಡೆ ಮಾಡುತ್ತದೆ. ಆ ವಾಯುವೇ ನಾವು ಇಂದು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಸ್ತು. ನಮ್ಮ ಪ್ರಾಚೀನರಿಗೆ ಫಲವು ತಿಳಿದಿತ್ತು, ಬ್ಲ್ಯಾಕನಿಂದ ಅದರ ಕಾರಣ ತಿಳಿಯಿತು.

ಯೂರೋಪಿನಲ್ಲಿ ಬಹುಕಾಲದವರೆಗೆ ಆಮ್ಲವೆಂದರೆ ಮದ್ಯವು ಹುಳಿತು ಆದ ಕಾಡಿ ಮಾತ್ರವೇ ಆಗಿತ್ತು. ಕ್ರಿಸ್ತಶಕ ೧೩೦೦ರ ಸುಮಾರಿಗೆ ಖನಿಜಗಳಿಂದ ಉಗ್ರವಾದ ಆಮ್ಲಗಳನ್ನು ಇಳಿಸುವ ವಿಧಾನಗಳು ಅಲ್ಲಿನ ರಸವಾದಿಗಳ ಗ್ರಂಥಗಳಲ್ಲಿ ಕಾಣಿಸಿಕೊಂಡುವು. ಪೆಟ್ಲುಪ್ಪಿನಿಂದ ನೈಟ್ರಿಕ್ ಆಮ್ಲ, ಅನ್ನಭೇದಿಯನ್ನು ಕಾಸಿ ಗಂಧಕಾಮ್ಲ, ಇವು ಹೀಗೆ ಮನುಷ್ಯನ ಕೈಗೆ ಬಂದುವು. ಗ್ಲೌಬರ್ ಎಂಬ ಜರ್ಮನ್ ರಸಾಯನಜ್ಞನು ಹದಿನೇಳನೆಯ ಶತಮಾನದಲ್ಲಿ ಅಡಿಗೆಯ ಉಪ್ಪಿಗೆ ಗಂಧಕಾಮ್ಲವನ್ನು ಹಾಕಿ ಲವಣಾಮ್ಲವನ್ನು ಪಡೆದನು. ಈ ಲವಣಾಮ್ಲವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಲವಾಸಿಯೆಯ ಸಿದ್ಧಾಂತವನ್ನು ಉರುಳಿಸಿದುದು ಇದೇ.

ನಾಲಗೆಯ ರುಚಿಯಿಂದ ಆಮ್ಲವನ್ನು ಗುರುತಿಸುವುದು ಅಪಾಯಕರ, ಅನಿಶ್ಚಿತ. ಇಂಗ್ಲೆಂಡಿನ ರಾಬರ್ಟ್ ಬಾಯ್ಲನು ೧೬೬೪ರಲ್ಲಿ ಬಣ್ಣಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವನ್ನು ಹೇಳಿದನು. ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕವು ಆಮ್ಲದಿಂದ ಕೆಂಪಾಗುತ್ತದೆ, ಕ್ಷಾರದಿಂದ ಹಸುರಾಗುತ್ತದೆ. ಅಂದಿನಿಂದ ಆಮ್ಲವೆಂದರೆ ಇಂಥ ಬಣ್ಣವನ್ನು ಇಂಥ ರೀತಿಯಲ್ಲಿ ಬದಲಾಯಿಸತಕ್ಕದ್ದು ಎಂಬ ನಿಷ್ಕೃಷ್ಟವಾದ ಗುರುತು ದೊರೆಯಿತು. ಆದರೆ ಗುರುತು ಬೇರೆ, ಕಾರಣ ಬೇರೆ. ಕಾರಣವನ್ನು ಹೇಳಹೊರಟವರಲ್ಲಿ ಫ್ರಾನ್ಸಿನ ಲೆಮೆರಿ ಎಂಬವನು ೧೬೭೫ರ ತನ್ನ ಗ್ರಂಥದಲ್ಲಿ, ಆಮ್ಲದ ಕಣಗಳಿಗೆ ಮುಳ್ಳುಗಳಂಥ ಮೊನೆಗಳಿವೆಯೆಂದೂ ಅವು ಚುಚ್ಚುವುದರಿಂದಲೇ ನಾಲಗೆಗೆ ಹುಳಿಯಾಗುವುದೆಂದೂ, ಕ್ಷಾರದ ಕಣಗಳಲ್ಲಿ ರಂಧ್ರಗಳಿದ್ದು ಮೊನೆಗಳು ಅವುಗಳಲ್ಲಿ ಸಿಕ್ಕಿ ಮುರಿಯುವುವೆಂದೂ ಬರೆದನು. ಇದು ಕೇಳಲು ಸೊಗಸಾದ ಕಲ್ಪನೆಯೇ ಹೊರತು ಪರೀಕ್ಷೆಗೆ ಸಿಕ್ಕುವಂಥದಾಗಿರಲಿಲ್ಲ. ಅದೇ ದೇಶದ ರೂಯೆಲ್ ಎಂಬ ಗುರುವು ೧೭೫೪ರಲ್ಲಿ, ಆಮ್ಲದೊಡನೆ ಕೂಡಿ ಲವಣವಾಗುವ ಎಲ್ಲ ವಸ್ತುಗಳಿಗೂ, ಅವು ಕ್ಷಾರಗಳಾಗಲಿ ಸುಣ್ಣದಂಥ ಮಣ್ಣುಗಳಾಗಲಿ ಲೋಹಗಳಾಗಲಿ, ಒಂದೇ ಸಾಮಾನ್ಯವಾದ ಹೆಸರನ್ನು ಕೊಟ್ಟನು. ಆಮ್ಲಕ್ಕೆ ನೆಲೆಯಾಗಿ ನಿಂತು ಲವಣಕ್ಕೆ ಘನರೂಪವನ್ನು ಕೊಡುವುದರಿಂದ ಅದಕ್ಕೆ 'ಬೇಸ್', ಎಂದರೆ ಆಧಾರ, ಎಂದನು. ನಮ್ಮ ಗ್ರಂಥಗಳು ಇದನ್ನೇ ಪ್ರತ್ಯಾಮ್ಲವೆಂದು ಕರೆಯುತ್ತವೆ. ಈ ರೂಯೆಲನ ಉಪನ್ಯಾಸಗಳನ್ನು ಕೇಳಿದವರಲ್ಲಿ ಲವಾಸಿಯೆ ಎಂಬ ತರುಣನೂ ಒಬ್ಬನು.

ಆಂತ್ವಾನ್ ಲವಾಸಿಯೆಯು ೧೭೪೩ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದನು. ಅವನ ಕೈಯಲ್ಲಿದ್ದ ಮಹಾ ಆಯುಧವೆಂದರೆ ತಕ್ಕಡಿ. ವಸ್ತುಗಳು ಉರಿಯುವಾಗ ಅವುಗಳಿಂದ ಏನೋ ಒಂದು ಹೊರಟುಹೋಗುವುದೆಂದು ಆ ಕಾಲದ ಪಂಡಿತರು ನಂಬಿದ್ದರು. ಲವಾಸಿಯೆಯು ೧೭೭೨ರಲ್ಲಿ ಗಂಧಕವನ್ನೂ ರಂಜಕವನ್ನೂ ಉರಿಸಿ ತೂಗಿ ನೋಡಲಾಗಿ ತೂಕವು ಕಡಿಮೆಯಾಗುವುದಕ್ಕೆ ಬದಲು ಹೆಚ್ಚಾಗಿತ್ತು. ಗಾಳಿಯಲ್ಲಿರುವ ಯಾವುದೋ ಅಂಶ ಅವುಗಳೊಡನೆ ಸೇರಿರಲೇಬೇಕು. ಅದು ಯಾವುದೆಂಬುದಕ್ಕೆ ಸುಳಿವು ಇಂಗ್ಲೆಂಡಿನಿಂದ ಬಂದಿತು. ಜೋಸೆಫ್ ಪ್ರೀಸ್ಟ್ಲಿಯು ೧೭೭೪ನೆಯ ಆಗಸ್ಟ್ ೧ನೆಯ ತಾರೀಖು ಪಾದರಸದ ಕೆಂಪು ಭಸ್ಮವನ್ನು ಭೂತಗನ್ನಡಿಯಿಂದ ಕಾಯಿಸಿ ಒಂದು ವಾಯುವನ್ನು ಪಡೆದಿದ್ದನು; ಅದರಲ್ಲಿ ಮೇಣದ ಬತ್ತಿಯು ಅತ್ಯಂತ ಪ್ರಕಾಶದಿಂದ ಉರಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ಪ್ಯಾರಿಸಿಗೆ ಬಂದು ಆ ಸಂಗತಿಯನ್ನು ಲವಾಸಿಯೆಗೆ ತಿಳಿಸಿದನು. ಸ್ವೀಡನ್ ದೇಶದ ಷೀಲೆಯು ಅವನಿಗಿಂತ ಮುಂಚೆಯೇ ಆ ವಾಯುವನ್ನು ಕಂಡಿದ್ದರೂ ಅವನ ಗ್ರಂಥವು ೧೭೭೭ರವರೆಗೂ ಅಚ್ಚಾಗಲಿಲ್ಲ.

ವಾಯುವನ್ನು ಕಂಡವರು ಇತರರು. ಅದರ ಅರ್ಥವನ್ನು ಕಂಡವನು ಲವಾಸಿಯೆ. ಉರಿಯುವುದೆಂದರೆ ಈ ವಾಯುವಿನೊಡನೆ ಕೂಡುವುದೆಂಬ ಸತ್ಯವನ್ನು ಸ್ಥಾಪಿಸಿದವನು ಅವನು. ಇದರೊಂದಿಗೆ ಇನ್ನೊಂದು ಸಂಗತಿಯೂ ಅವನ ಮನಸ್ಸನ್ನು ಸೆಳೆಯಿತು. ಗಂಧಕವು ಉರಿದು ಆದ ವಸ್ತುವನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ. ರಂಜಕವು ಉರಿದು ಆದುದನ್ನು ಕರಗಿಸಿದರೆ ಆಮ್ಲ. ಇದ್ದಿಲು ಉರಿದು ಆದ ವಾಯುವನ್ನು ನೀರಿಗೆ ಹಾಯಿಸಿದರೆ ಅದೂ ಮಂದವಾದ ಆಮ್ಲವೇ. ನೈಟ್ರಿಕ್ ಆಮ್ಲವನ್ನು ವಿಭಜಿಸಿ ನೋಡಿದರೆ ಅದರಲ್ಲಿಯೂ ಈ ವಾಯುವಿದೆ. ಷೀಲೆಯು ಹುಣಿಸೆ, ದ್ರಾಕ್ಷಿಗಳಲ್ಲಿರುವ ಟಾರ್ಟಾರಿಕ್ ಆಮ್ಲವನ್ನೂ, ಹುಳಿತ ಹಾಲಿನ ಲ್ಯಾಕ್ಟಿಕ್ ಆಮ್ಲವನ್ನೂ, ೧೭೮೪ರಲ್ಲಿ ನಿಂಬೆಯ ಸಿಟ್ರಿಕ್ ಆಮ್ಲವನ್ನೂ ಶುದ್ಧರೂಪದಲ್ಲಿ ಬೇರ್ಪಡಿಸಿದನಷ್ಟೆ. ಅವುಗಳಲ್ಲಿಯೂ ಈ ವಾಯುವಿನ ಅಂಶವು ಕಂಡುಬಂದಿತು. ಸಾಕ್ಷಿಗಳ ಸಾಲು ಇಷ್ಟು ಉದ್ದವಾದಾಗ ಯಾವ ನ್ಯಾಯಾಧೀಶನಿಗಾದರೂ ನಂಬಿಕೆ ಹುಟ್ಟದಿರದು. ೧೭೭೭ರಿಂದ ೧೭೭೯ರ ಅವಧಿಯಲ್ಲಿ ಲವಾಸಿಯೆಯು ಆಮ್ಲಗಳನ್ನು ಕುರಿತ ತನ್ನ ವಾದವನ್ನು ಮಂಡಿಸಿ, ಎಲ್ಲ ಆಮ್ಲಗಳಿಗೂ ಹುಳಿಯನ್ನು ಕೊಡುವ ತತ್ತ್ವ ಇದೇ ಎಂದು ನಿಶ್ಚಯಿಸಿ, ಹುಳಿ ಎಂಬರ್ಥದ ಮತ್ತು ಹುಟ್ಟಿಸು ಎಂಬರ್ಥದ ಎರಡು ಗ್ರೀಕ್ ಮಾತುಗಳನ್ನು ಜೋಡಿಸಿ 'ಆಕ್ಸಿಜನ್' ಎಂಬ ಹೆಸರಿಗೆ ಕಾರಣನಾದನು. ೧೭೮೭ರಲ್ಲಿ ಅವನೂ ಗೀತೊ ದ ಮೊರ್ವೊ, ಬರ್ತೊಲೆ, ಫೂರ್‌ಕ್ರ್ವಾ ಎಂಬ ಮೂವರು ಸಂಗಡಿಗರೂ ಕೂಡಿ ರಸಾಯನ ಶಾಸ್ತ್ರಕ್ಕೆಲ್ಲ ಹೊಸ ಪರಿಭಾಷೆಯನ್ನು ರಚಿಸಿದಾಗ ಈ ಹೆಸರು ಅದರ ನಡುಗಂಬವಾಯಿತು. ಉರಿದು ನೀರನ್ನು ಹುಟ್ಟಿಸುವ ಹಗುರವಾದ ವಾಯುವಿಗೆ 'ಹೈಡ್ರೊಜನ್', ಎಂದರೆ ಜಲಜನಕ, ಎಂಬ ಹೆಸರೂ ಆಗಲೇ ಬಂದಿತು.

ಆದರೆ ಸಾಕ್ಷಿಗಳ ಸಾಲಿನಲ್ಲಿ ಒಂದು ಮುಖ್ಯವಾದ ಎಡೆಯು ಖಾಲಿಯಾಗಿತ್ತು. ಲವಣಾಮ್ಲದಿಂದ ಆಮ್ಲಜನಕವನ್ನು ಯಾರೂ ಹೊರತೆಗೆದಿರಲಿಲ್ಲ. ಲವಾಸಿಯೆಯು ಇದನ್ನು ಬಲ್ಲವನೇ. ಉಳಿದ ಆಮ್ಲಗಳಲ್ಲೆಲ್ಲ ಇರುವುದು ಇದರಲ್ಲಿಯೂ ಇರಲೇಬೇಕು, ಅದರ ಬಂಧನವು ಗಟ್ಟಿಯಾಗಿರುವುದರಿಂದ ನಮಗೆ ಬಿಡಿಸಲಾಗದು, ಅಷ್ಟೇ ಎಂದು ಭಾವಿಸಿದನು. ೧೭೮೯ರ ತನ್ನ ಮಹಾಗ್ರಂಥದಲ್ಲಿ ಮೂವತ್ತಮೂರು ಮೂಲವಸ್ತುಗಳ ಪಟ್ಟಿಯನ್ನು ಕೊಡುವಾಗ, ಲವಣಾಮ್ಲದಲ್ಲಿ ಆಮ್ಲಜನಕದೊಡನೆ ಕೂಡಿರಬೇಕಾದ, ಯಾರೂ ಕಾಣದ ಒಂದು ವಸ್ತುವನ್ನೂ ಅದರಲ್ಲಿ ಸೇರಿಸಿದನು. ತಕ್ಕಡಿಯು ತೋರಿಸದುದನ್ನು ಒಪ್ಪಲೊಲ್ಲದ ಪಂಡಿತನು ಇಲ್ಲಿ ಮಾತ್ರ ತಕ್ಕಡಿಯನ್ನು ಬಿಟ್ಟು ಊಹೆಯನ್ನು ಹಿಡಿದನು. ಈ ಊಹೆಯನ್ನು ಪರಿಶೋಧಿಸಲು ಅವನಿಗೆ ಕಾಲವು ಉಳಿಯಲಿಲ್ಲ. ತೆರಿಗೆಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದನೆಂಬ ಕಾರಣದಿಂದ ಫ್ರೆಂಚ್ ಕ್ರಾಂತಿಯ ನ್ಯಾಯಸ್ಥಾನವು ಅವನಿಗೆ ಮರಣದಂಡನೆಯನ್ನು ವಿಧಿಸಿತು. ೧೭೯೪ನೆಯ ಮೇ ೮ರಂದು, ಐವತ್ತೊಂದು ವರ್ಷಗಳೂ ತುಂಬದಿದ್ದಾಗ, ಅವನ ಶಿರಚ್ಛೇದವಾಯಿತು.

ಅವನ ಸಂಗಡಿಗನಾದ ಬರ್ತೊಲೆಯೇ ೧೭೮೭ರಲ್ಲಿ ಪ್ರಸಿಕ್ ಆಮ್ಲವನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲ, ಸಾರಜನಕ, ಜಲಜನಕಗಳು ಮಾತ್ರ ಇವೆಯೆಂದೂ ಆಮ್ಲಜನಕವಿಲ್ಲವೆಂದೂ ಕಂಡಿದ್ದನು. ಆದರೆ ಅದು ಬಹಳ ದುರ್ಬಲವಾದ ಆಮ್ಲ. ಅದು ಆಮ್ಲವೇ ಅಲ್ಲವೆಂದು ಹೇಳಿ ತಪ್ಪಿಸಿಕೊಳ್ಳಲು ಅವಕಾಶವಿತ್ತು. ಲವಣಾಮ್ಲವಾದರೋ ಉಗ್ರವಾದ ಆಮ್ಲ. ಷೀಲೆಯು ೧೭೭೪ರಲ್ಲಿ ಈ ಆಮ್ಲಕ್ಕೆ ಮ್ಯಾಂಗನೀಸಿನ ಕಪ್ಪು ಅದುರನ್ನು ಸೇರಿಸಿ ಕಾಯಿಸಿದಾಗ ಉಸಿರುಗಟ್ಟಿಸುವ, ಹಸುರು ಹಳದಿ ಬಣ್ಣದ ಒಂದು ವಾಯುವು ಹೊರಟಿತ್ತು. ಆ ಅದುರಿನಲ್ಲಿ ಆಮ್ಲಜನಕವು ಸಮೃದ್ಧವಾಗಿದೆ. ಆದುದರಿಂದ ಲವಣಾಮ್ಲವು ಇನ್ನಷ್ಟು ಆಮ್ಲಜನಕವನ್ನು ಹೀರಿಕೊಂಡು ಈ ಹಸುರು ವಾಯುವಾಗಿದೆಯೆಂದು ಲವಾಸಿಯೆಯ ಪಂಥದವರು ಅರ್ಥಮಾಡಿದರು. ಈ ವಾಯುವನ್ನು ನೀರಿನಲ್ಲಿ ಕರಗಿಸಿ ಬಿಸಿಲಿನಲ್ಲಿಟ್ಟರೆ ಆಮ್ಲಜನಕವು ಹೊರಡುತ್ತದೆ. ಇದು ಅವರ ವಾದಕ್ಕೆ ದೊಡ್ಡ ಬೆಂಬಲವಾಗಿ ತೋರಿತು. ಆ ಆಮ್ಲಜನಕವು ನೀರಿನದೇ ಹೊರತು ವಾಯುವಿನದಲ್ಲವೆಂಬುದು ಯಾರಿಗೂ ಹೊಳೆಯಲಿಲ್ಲ. ಆಮ್ಲಜನಕವು ಹೆಚ್ಚಾದರೆ ಹುಳಿಯೂ ಹೆಚ್ಚಾಗಬೇಕಾಗಿತ್ತು. ಈ ವಾಯುವಿನಲ್ಲಿ ಅದು ಕಡಿಮೆಯಾಗಿತ್ತು. ಈ ವಿರೋಧವನ್ನು ಕಂಡವರೂ ಅದನ್ನು ದಾಟಿ ಮುಂದೆ ಹೋದರು.

ದಾಟಿಹೋಗದೆ ನಿಂತು ನೋಡಿದವನು ಇಂಗ್ಲೆಂಡಿನ ಹಂಫ್ರಿ ಡೇವಿ. ಇವನು ೧೭೭೮ರಲ್ಲಿ ಪೆನ್ಜ಼ಾನ್ಸ್ ಎಂಬ ಸಮುದ್ರತೀರದ ಊರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಲವಾಸಿಯೆಯ ಗ್ರಂಥವನ್ನೋದಿಯೇ ರಸಾಯನ ಶಾಸ್ತ್ರವನ್ನು ಕಲಿತವನು. ಆಗ ಹೊಸದಾಗಿ ಬಂದಿದ್ದ ವೋಲ್ಟಾನ ವಿದ್ಯುತ್ಕೋಶಗಳ ಸಾಲನ್ನು ಬಳಸಿ ೧೮೦೭ರ ಅಕ್ಟೋಬರಿನಲ್ಲಿ ಇವನು ಪೊಟ್ಯಾಷ್ ಎಂಬ ಕ್ಷಾರವನ್ನು ವಿಭಜಿಸಿದನು. ಒಳಗಿನಿಂದ ಬೆಳ್ಳಿಯ ಹೊಳಪಿನ ಒಂದು ಲೋಹವು ಹೊರಬಂದು, ನೀರು ಸೋಕಿದೊಡನೆ ಉರಿದೆದ್ದಿತು. ಅದೇ ಪೊಟ್ಯಾಸಿಯಂ. ಕೆಲವು ದಿನಗಳಲ್ಲಿಯೇ ಸೋಡದಿಂದ ಸೋಡಿಯಂ ಲೋಹವೂ ಹೊರಬಂದಿತು. ಕ್ಷಾರದಲ್ಲಿ ಲೋಹದೊಡನೆ ಕೂಡಿದ್ದ ಇನ್ನೊಂದು ವಸ್ತು ಯಾವುದು? ಆಮ್ಲಜನಕವೇ! ಹುಳಿಯನ್ನು ಹುಟ್ಟಿಸುವುದೆಂದು ಹೆಸರು ಹೊತ್ತ ವಸ್ತುವು ಹುಳಿಗೆ ಪರಮ ವೈರಿಯಾದ ಕ್ಷಾರದ ಹೊಟ್ಟೆಯಲ್ಲಿಯೇ ಕುಳಿತಿತ್ತು.

ಅನಂತರ ಡೇವಿಯು ಹಸುರು ವಾಯುವನ್ನು ಕೈಗೆತ್ತಿಕೊಂಡನು. ಅದರಲ್ಲಿ ಆಮ್ಲಜನಕವಿದ್ದರೆ, ಕಾದ ಇದ್ದಿಲನ್ನು ಒಡ್ಡಿದಾಗ ಇಂಗಾಲವು ಅದನ್ನು ಕಸಿದುಕೊಂಡು ಇಂಗಾಲದ ವಾಯುವಾಗಲೇಬೇಕು. ಫ್ರಾನ್ಸಿನಲ್ಲಿ ಗೇ ಲ್ಯುಸಾಕ್ ಮತ್ತು ತೆನಾರ್ ಎಂಬವರು ೧೮೦೯ರಲ್ಲಿ ಇಂಥ ಪ್ರಯೋಗವನ್ನು ಮಾಡಿ, ವಾಯುವಿನಿಂದ ಆಮ್ಲಜನಕವನ್ನು ಪಡೆಯಲಾರದೆ, ಇದು ಮೂಲವಸ್ತುವೇ ಆಗಿರಬಹುದೆಂದು ಹೇಳಿಯೂ, ಹಳೆಯ ಮತವನ್ನು ಬಿಡಲು ಮನಸ್ಸು ಬಾರದೆ ಹಿಂಜರಿದರು. ಡೇವಿಯು ಇದ್ದಿಲನ್ನು ವಿದ್ಯುತ್ತಿನಿಂದ ಬೆಳ್ಳಗೆ ಕಾಯಿಸಿ ಆ ವಾಯುವಿನಲ್ಲಿ ಇಟ್ಟನು. ವಾಯುವಿಗೆ ಯಾವ ವಿಕಾರವೂ ಆಗಲಿಲ್ಲ. ಅದನ್ನು ಜಲಜನಕದೊಡನೆ ಸಮಪ್ರಮಾಣದಲ್ಲಿ ಕೂಡಿಸಿದಾಗ ಲವಣಾಮ್ಲವಾಯಿತು. ಬೇರೆ ಏನೂ ಉಳಿಯಲಿಲ್ಲ. ಇಷ್ಟಾದ ಮೇಲೆ ಅವನು ಸಂಕೋಚಪಡದೆ ೧೮೧೦ನೆಯ ಜುಲೈ ೧೨ರಂದು ರಾಯಲ್ ಸೊಸೈಟಿಯ ಮುಂದೆ ತನ್ನ ನಿರ್ಣಯವನ್ನಿಟ್ಟನು: ಇದು ಮೂಲವಸ್ತು, ಇದರಲ್ಲಿ ಆಮ್ಲಜನಕವಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅದಕ್ಕೆ 'ಕ್ಲೋರೀನ್' ಎಂದು ಹೆಸರಿಟ್ಟನು. ಎಳೆಹಸುರು ಎಂಬರ್ಥದ ಗ್ರೀಕ್ ಮಾತಿನಿಂದ ಆ ಹೆಸರು ಬಂದುದು. ಸಿದ್ಧಾಂತವನ್ನು ಹೆಸರಿನಲ್ಲಿ ಸೇರಿಸಿದರೆ ಏನಾಗುವುದೆಂದು ಕಂಡಿದ್ದ ಡೇವಿಯು, ಎಂದಿಗೂ ಸುಳ್ಳಾಗದ ಬಣ್ಣವನ್ನೇ ಹೆಸರಿಗೆ ಆಧಾರಮಾಡಿಕೊಂಡನು.

ಲವಣಾಮ್ಲದಲ್ಲಿರುವುದು ಜಲಜನಕ ಮತ್ತು ಕ್ಲೋರೀನ್, ಎರಡೇ. ಸ್ವೀಡನ್ನಿನ ಮಹಾಪಂಡಿತನಾದ ಬರ್ಸೀಲಿಯಸ್ ಸುಮಾರು ಹತ್ತು ವರ್ಷಗಳ ಕಾಲ ಇದನ್ನು ಒಪ್ಪದೆ ಹಟಹಿಡಿದು ಕಡೆಗೆ ಒಪ್ಪಿದನು. ಇಷ್ಟರಲ್ಲಿ ಅಯೊಡಿನ್ ದೊರೆತು, ಅದೂ ಜಲಜನಕದೊಡನೆ ಕೂಡಿ ಆಮ್ಲಜನಕವಿಲ್ಲದ ಆಮ್ಲವನ್ನು ಕೊಟ್ಟಿತು. ವಿಲಿಯಂ ಪ್ರೌಟ್ ಎಂಬ ವೈದ್ಯನು ಪ್ರಾಣಿಗಳ ಜಠರದಲ್ಲಿ ಆಹಾರವನ್ನು ಅರಗಿಸುವ ರಸದೊಳಗಿರುವುದು ಲವಣಾಮ್ಲವೇ ಎಂದು ೧೮೨೪ರಲ್ಲಿ ಪ್ರಕಟಿಸಿದನು. ಆಮ್ಲಜನಕವಿಲ್ಲದ ಆಮ್ಲವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಅದು ಪ್ರತಿಯೊಬ್ಬ ಪಂಡಿತನ ಹೊಟ್ಟೆಯಲ್ಲಿಯೂ ಇದ್ದಿತು.

ಹಾಗಾದರೆ ಎಲ್ಲ ಆಮ್ಲಗಳಲ್ಲಿಯೂ ಇರುವುದು ಯಾವುದು? ಉತ್ತರವು ಜಲಜನಕದ ಕಡೆಗೆ ತಿರುಗಿತು. ಆದರೆ ಜಲಜನಕವಿದ್ದ ಮಾತ್ರಕ್ಕೆ ಆಮ್ಲವಾಗುವುದಿಲ್ಲ. ಎಣ್ಣೆಯಲ್ಲಿಯೂ ಸಕ್ಕರೆಯಲ್ಲಿಯೂ ಜಲಜನಕವು ಧಾರಾಳವಾಗಿದೆ. ಜರ್ಮನಿಯ ಲೀಬಿಗನು ೧೮೩೮ರಲ್ಲಿ ಈ ತೊಡಕನ್ನು ಬಿಡಿಸಿದನು. ಯಾವ ವಸ್ತುವಿನ ಜಲಜನಕವನ್ನು ಹೊರದೂಡಿ ಒಂದು ಲೋಹವು ಅದರ ಎಡೆಯಲ್ಲಿ ಕೂಡಬಹುದೋ ಅದು ಆಮ್ಲ. ಸತುವಿನ ಚೂರನ್ನು ಲವಣಾಮ್ಲಕ್ಕೆ ಹಾಕಿದರೆ ಗುಳ್ಳೆಗುಳ್ಳೆಯಾಗಿ ಹೊರಡುವುದು ಹೀಗೆ ಎಡೆಬಿಟ್ಟು ಹೋಗುವ ಜಲಜನಕವೇ.

ಆ ಜಲಜನಕವು ಸಡಿಲವಾಗಿರುವುದೇಕೆಂಬ ಮುಂದಿನ ಪ್ರಶ್ನೆಗೆ ಉತ್ತರವನ್ನು ತಂದವನು ಸ್ವಾಂಟೆ ಅರ್ಹೇನಿಯಸ್ ಎಂಬ ಸ್ವೀಡನ್ನಿನ ತರುಣ. ೧೮೮೪ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವನು ಉಪ್ಸಾಲ ವಿಶ್ವವಿದ್ಯಾನಿಲಯಕ್ಕೆ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಕುರಿತ ಪ್ರಬಂಧವನ್ನು ಒಪ್ಪಿಸಿದನು. ಪರೀಕ್ಷಕರಿಗೆ ಅದು ರುಚಿಸದೆ ಬಹಳ ಕೆಳಗಿನ ದರ್ಜೆಯನ್ನು ಕೊಟ್ಟರು. ಓಸ್ಟ್‌ವಾಲ್ಡ್ ಎಂಬ ರಸಾಯನಜ್ಞನು ಮಾತ್ರ ಅದರ ಬೆಲೆಯನ್ನರಿತು, ಆ ತರುಣನನ್ನು ನೋಡಲು ತಾನೇ ಉಪ್ಸಾಲಕ್ಕೆ ಬಂದನು. ಅರ್ಹೇನಿಯಸನು ೧೮೮೭ರಲ್ಲಿ ತನ್ನ ವಾದವನ್ನು ಪೂರ್ಣವಾಗಿ ಮಂಡಿಸಿದನು. ಆಮ್ಲಗಳೂ ಕ್ಷಾರಗಳೂ ಲವಣಗಳೂ ನೀರಿನಲ್ಲಿ ಕರಗಿದಾಗ ವಿದ್ಯುತ್ತನ್ನು ಹೊತ್ತ ತುಂಡುಗಳಾಗಿ ಒಡೆಯುತ್ತವೆ. ಅವುಗಳಿಗೆ ಅಯಾನುಗಳೆಂದು ಹೆಸರು. ಆಮ್ಲವು ಕೊಡುವುದು ಜಲಜನಕದ ಧನ ಅಯಾನು. ಕ್ಷಾರವು ಕೊಡುವುದು ಜಲಜನಕವೂ ಆಮ್ಲಜನಕವೂ ಜೊತೆಗೂಡಿದ ಋಣ ಅಯಾನು. ಇವೆರಡೂ ಸೇರಿದರೆ ನೀರು. ಆಮ್ಲವು ಕ್ಷಾರವನ್ನು ಅಡಗಿಸುವುದೆಂದರೆ ಇಷ್ಟೇ.

ಈ ಮಾತಿಗೆ ಒಂದು ಸುಂದರವಾದ ಸಾಕ್ಷಿ ಮೊದಲೇ ಸಿದ್ಧವಾಗಿತ್ತು. ಪ್ರಬಲವಾದ ಆಮ್ಲಗಳನ್ನು ಪ್ರಬಲವಾದ ಕ್ಷಾರಗಳೊಡನೆ ತಿಳಿಯಾದ ದ್ರಾವಣಗಳಲ್ಲಿ ಬೆರಸಿದರೆ ಶಾಖವು ಹುಟ್ಟುವುದಷ್ಟೆ. ಆಮ್ಲವು ಲವಣಾಮ್ಲವಾಗಲಿ ನೈಟ್ರಿಕ್ ಆಮ್ಲವಾಗಲಿ, ಕ್ಷಾರವು ಸೋಡವಾಗಲಿ ಪೊಟ್ಯಾಷ್ ಆಗಲಿ, ಸಮಾನವಾದ ರಾಸಾಯನಿಕ ಪ್ರಮಾಣಕ್ಕೆ ಹುಟ್ಟುವ ಶಾಖವು ಹೆಚ್ಚುಕಡಮೆ ಒಂದೇ, ಸುಮಾರು ೧೩,೭೦೦ ಕ್ಯಾಲೊರಿ. ವಸ್ತುಗಳು ಬೇರೆ ಬೇರೆಯಾಗಿರುವಾಗ ಶಾಖವೇಕೆ ಒಂದೇ? ನಿಜವಾಗಿ ನಡೆಯುತ್ತಿರುವ ಕ್ರಿಯೆಯು ಒಂದೇ ಆಗಿರುವುದರಿಂದ. ಎಲ್ಲೆಡೆಯಲ್ಲಿಯೂ ಅವೇ ಎರಡು ಅಯಾನುಗಳು ಕೂಡಿ ನೀರಾಗುತ್ತಿರುವುದರಿಂದ. ಕೆಳದರ್ಜೆಯ ಪ್ರಬಂಧವನ್ನು ಬರೆದವನೆನಿಸಿದ್ದ ಅರ್ಹೇನಿಯಸನಿಗೆ ೧೯೦೩ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಬಹುಮಾನವು ಬಂದಿತು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೦೯ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್ಸನ್ ಎಂಬವನು ಜಲಜನಕದ ಅಯಾನುಗಳ ಸಾಂದ್ರತೆಯನ್ನು ಸೂಚಿಸಲು ಪಿಎಚ್ ಎಂಬ ಅಳತೆಗೋಲನ್ನು ಏರ್ಪಡಿಸಿದನು. ಅದರಲ್ಲಿ ಶುದ್ಧವಾದ ನೀರು ೭. ಅದಕ್ಕಿಂತ ಕೆಳಗಿನದು ಆಮ್ಲ, ಮೇಲಿನದು ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತರಷ್ಟು ವ್ಯತ್ಯಾಸ. ನಿಂಬೆಯ ರಸವು ಸುಮಾರು ೨; ಸುಣ್ಣದ ತಿಳಿನೀರು ೧೨ಕ್ಕೂ ಮೇಲೆ. ಆರೋಗ್ಯವಂತನ ರಕ್ತವು ೭.೩೫ರಿಂದ ೭.೪೫ರೊಳಗೆ ಇರಬೇಕು, ಈ ಕಿರಿದಾದ ದಾರಿಯಿಂದ ಸ್ವಲ್ಪ ಸರಿದರೂ ಪ್ರಾಣಕ್ಕೆ ಅಪಾಯ. ರೈತನ ಹೊಲದ ಮಣ್ಣು ಹುಳಿಯಾಗಿದೆಯೋ ಚೌಳಾಗಿದೆಯೋ ಎಂದು ನೋಡುವುದಕ್ಕೂ ಇದೇ ಅಳತೆಗೋಲು. ೧೯೨೩ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ ಒಬ್ಬರನ್ನೊಬ್ಬರು ಅರಿಯದೆ ಒಂದೇ ನಿರ್ಣಯಕ್ಕೆ ಬಂದರು. ಜಲಜನಕದ ಅಯಾನು, ಎಂದರೆ ಪ್ರೋಟಾನು, ಇದನ್ನು ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಇದರಿಂದ, ತನ್ನಲ್ಲಿ ಆಮ್ಲಜನಕವೇ ಇಲ್ಲದ ಅಮೋನಿಯವು ಪ್ರತ್ಯಾಮ್ಲವಾಗುವುದೇಕೆಂಬ ಒಗಟು ಬಿಡಿಸಿಹೋಯಿತು. ಅದು ನೀರಿನಿಂದ ಪ್ರೋಟಾನನ್ನು ತೆಗೆದುಕೊಳ್ಳುತ್ತದೆ. ಅದೇ ವರ್ಷ ಅಮೆರಿಕದ ಲೂಯಿಸನು ಇನ್ನೂ ವಿಶಾಲವಾದ ಲಕ್ಷಣವನ್ನು ಹೇಳಿ, ಎಲೆಕ್ಟ್ರಾನುಗಳ ಜೋಡಿಯನ್ನು ಸ್ವೀಕರಿಸುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಎಂದನು. ಒಂದು ಲಕ್ಷಣವು ಬಂದಿತೆಂದು ಹಿಂದಿನದನ್ನು ಎಸೆಯಲಿಲ್ಲ. ಹಿಂದಿನದು ಮುಂದಿನದರ ಒಂದು ಭಾಗವಾಗಿ ನಿಂತಿತು.

ಈಗ ನಮ್ಮ ಭಾಷೆಯ ಹೆಸರಿಗೆ ಹಿಂದಿರುಗೋಣ. ಜರ್ಮನರು ಲವಾಸಿಯೆಯ ಮಾತನ್ನು ತಮ್ಮ ನುಡಿಗೆ ತಿರುಗಿಸಿ 'ಹುಳಿವಸ್ತು' ಎಂದರು. ರಷ್ಯನರೂ ಹುಳಿಯನ್ನು ಹುಟ್ಟಿಸುವುದೆಂಬ ಅರ್ಥದ ಮಾತನ್ನೇ ಮಾಡಿಕೊಂಡರು. ಬಂಗಾಳಿಯಲ್ಲಿ ಅಮ್ಲಜಾನ, ತೆಲುಗಿನಲ್ಲಿ ಆಮ್ಲಜನಿ, ನಮ್ಮಲ್ಲಿ ಆಮ್ಲಜನಕ. ಕನ್ನಡದಲ್ಲಿ ವಿಜ್ಞಾನವನ್ನು ಹರಡಬೇಕೆಂದು ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ೧೯೧೮ರಲ್ಲಿ ಹೊರಡಿಸುವ ವೇಳೆಗೆ ಡೇವಿಯ ನಿರ್ಣಯವು ಹೊರಬಿದ್ದು ನೂರೆಂಟು ವರ್ಷಗಳಾಗಿದ್ದುವು. ಯೂರೋಪಿನ ಹೆಸರು ಅಜ್ಞಾನದಿಂದ ಹುಟ್ಟಿತು. ನಮ್ಮದು ಅನುವಾದದಿಂದ ಹುಟ್ಟಿತು. ಗ್ರೀಕನ್ನರಿಯದ ಆಂಗ್ಲ ಬಾಲಕನಿಗೆ 'ಆಕ್ಸಿಜನ್' ಎಂಬುದು ಅರ್ಥವಿಲ್ಲದ ಬರಿಯ ಗುರುತು. ಅದು ಅವನಿಗೆ ತಪ್ಪನ್ನು ಬೋಧಿಸದು. ನಮ್ಮ ಬಾಲಕನಿಗಾದರೋ ಆಮ್ಲಜನಕವೆಂಬ ಮಾತು ತನ್ನ ಅರ್ಥವನ್ನು ತಾನೇ ಸಾರಿ ಹೇಳುತ್ತದೆ. ತಿಳಿಯಾದ ಭಾಷೆಯ ಗುಣವೇ ಇಲ್ಲಿ ದೋಷವಾಗಿ ಪರಿಣಮಿಸಿದೆ. ಗಮನಿಸಿ ನೋಡಿದರೆ, ಒಂಬತ್ತು ಸೇರು ನೀರಿನಲ್ಲಿ ಎಂಟು ಸೇರು ಆಮ್ಲಜನಕ, ಒಂದೇ ಸೇರು ಜಲಜನಕ. ಆಮ್ಲಕ್ಕೆ ಆಮ್ಲತ್ವವನ್ನು ಕೊಡುವುದಾದರೋ ಜಲಜನಕ. ಎರಡು ಹೆಸರುಗಳನ್ನೂ ಅದಲುಬದಲು ಮಾಡಿದ್ದರೂ ಈಗಿರುವುದಕ್ಕಿಂತ ಹೆಚ್ಚು ತಪ್ಪಾಗುತ್ತಿರಲಿಲ್ಲ.

ಹಾಗೆಂದು ಲವಾಸಿಯೆಯನ್ನು ಹಗುರಾಗಿ ಕಾಣುವುದು ಅನ್ಯಾಯ. ಆಮ್ಲಜನಕಕ್ಕೂ ಆಮ್ಲಕ್ಕೂ ಸಂಬಂಧವೇ ಇಲ್ಲವೆಂದು ತಿಳಿಯಕೂಡದು. ಗಂಧಕಾಮ್ಲ, ನೈಟ್ರಿಕ್ ಆಮ್ಲ ಮುಂತಾದುವುಗಳಲ್ಲಿ ಆಮ್ಲಜನಕದ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಸೆಳೆದುಕೊಳ್ಳುವುದರಿಂದಲೇ ಜಲಜನಕದ ಬಂಧನವು ಸಡಿಲವಾಗುತ್ತದೆ. ಕ್ಲೋರೀನಿನ ಆಮ್ಲಗಳ ಸಾಲಿನಲ್ಲಿ ಒಂದು ಆಮ್ಲಜನಕವುಳ್ಳ ಹೈಪೊಕ್ಲೋರಸ್ ಆಮ್ಲವು ದುರ್ಬಲ. ನಾಲ್ಕುಳ್ಳ ಪರ್‌ಕ್ಲೋರಿಕ್ ಆಮ್ಲವು ಅತ್ಯಂತ ಪ್ರಬಲ. ಆದುದರಿಂದ ಅದು ಆಮ್ಲದ ಜನಕನಲ್ಲದಿದ್ದರೂ ಅನೇಕ ಆಮ್ಲಗಳಿಗೆ ಬಲವನ್ನು ಕೊಡುವ ಪೋಷಕನೆಂಬುದು ನಿಜ. ಲವಾಸಿಯೆಯು ಕಂಡ ಸಾಕ್ಷಿಗಳೆಲ್ಲವೂ ಸತ್ಯವಾದುವೇ. ಕಂಡ ಹಲವುಗಳಿಂದ ಕಾಣದ ಎಲ್ಲವುಗಳಿಗೂ ಹಾರಿದುದೊಂದೇ ಅವನ ದೋಷ. ಅವನ ತಪ್ಪನ್ನು ತಿದ್ದಿದವರು ಬಳಸಿದ ತಕ್ಕಡಿಯ ಮಾರ್ಗವೂ ಅವನೇ ಹಾಕಿಕೊಟ್ಟುದು.

ಹೆಸರನ್ನು ಈಗ ಬದಲಾಯಿಸಬೇಕೆ? ಬೇಕಿಲ್ಲವೆಂದು ನಾವು ಭಾವಿಸುತ್ತೇವೆ. ಕನ್ನಡಿಗರ ಬಾಯಲ್ಲಿ ಬೇರೂರಿದ ಮಾತನ್ನು ಕಿತ್ತುಹಾಕುವುದು ಸುಲಭವಲ್ಲ. ಹಾಗೆ ಮಾಡಿದರೆ ಒಂದು ಚರಿತ್ರೆಯೂ ಅದರೊಡನೆ ಹೋಗುತ್ತದೆ. ಆದರೆ ಉಪಾಧ್ಯಾಯರು ಈ ಮಾತನ್ನು ಮೊದಲ ಬಾರಿ ಕರಿಹಲಗೆಯ ಮೇಲೆ ಬರೆಯುವ ದಿನವೇ, ಇದು ಹೀಗೇಕೆ ಬಂದಿತೆಂಬುದನ್ನೂ ಲವಣಾಮ್ಲದಲ್ಲಿ ಇದು ಇಲ್ಲವೆಂಬುದನ್ನೂ ನಾಲ್ಕು ಮಾತುಗಳಲ್ಲಿ ಹೇಳುವುದು ಅವಶ್ಯ. ಹಾಗೆ ಹೇಳಿದರೆ, ಮಹಾಪಂಡಿತನ ಮಾತಾದರೂ ಪರೀಕ್ಷೆಗೆ ಅಧೀನವೆಂಬ ಪಾಠವನ್ನು ಈ ತಪ್ಪು ಹೆಸರಿನಿಂದಲೇ ಮಗುವು ಕಲಿಯುತ್ತದೆ.